ಮಾದೇವಿಯ ಮುನ್ನೂರು ರೂಪಾಯಿ

1996ರಲ್ಲಿ ನಾನು ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಚಾಮರಾಜನಗರ ಆಗಿನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು; ಬೇರೆ ಜಿಲ್ಲೆಯಾದದ್ದು ಮರುವರ್ಷ. ಕಾಗದದಲ್ಲಿ ನನ್ನ ಹುದ್ದೆಯ ಹೆಸರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗೂ ಇರಲಿಲ್ಲ, ಊರಿನವರ ಬಾಯಲ್ಲಿ ನಾನು ನರ್ಸಮ್ಮ. ಬಸುರಿಯರ ಹೆಸರು ಬರೆದುಕೊಳ್ಳುವುದು, ಧನುರ್ವಾಯುವಿನ ಚುಚ್ಚುಮದ್ದು ಹಾಕುವುದು, ಕಬ್ಬಿಣಾಂಶದ ಮಾತ್ರೆ ಕೊಡುವುದು, ಆ ಮಾತ್ರೆಯನ್ನು ತಿಪ್ಪೆಗೆ ಎಸೆಯದೆ ನುಂಗುವಂತೆ ಬೆನ್ನು ಹತ್ತುವುದು, ಹೆರಿಗೆ ಮಾಡಿಸುವುದು, ಆಮೇಲೆ ಕೂಸಿಗೆ ಲಸಿಕೆ. ಎರಡು ಕೋಣೆಯ ಕಟ್ಟಡ. ಒಂದರಲ್ಲಿ ಕೆಲಸ, ಇನ್ನೊಂದರಲ್ಲಿ ನನ್ನ ಸಂಸಾರ. ನನಗೆ ಒಪ್ಪಿಸಿದ್ದ ಊರುಗಳಲ್ಲಿ ಉಡಿಗಾಲವೂ ಒಂದು.

ಇದನ್ನು ಈಗ ಬರೆಯಲು ಕಾರಣ ಒಂದು ಮದುವೆ ಊಟ. ಕಳೆದ ವರ್ಷ ಗುಂಡ್ಲುಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಎಡಕ್ಕೆ ನಿವೃತ್ತ ಲೆಕ್ಕಾಧಿಕಾರಿಯೊಬ್ಬರು, ಬಲಕ್ಕೆ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸೊಬ್ಬರು ಕುಳಿತಿದ್ದರು. ಬಸುರಿಯರಿಗೆ ಸರ್ಕಾರ ನಗದು ಕೊಡುವುದು ಶುದ್ಧ ದಂಡ, ಗಂಡಂದಿರು ಕುಡಿದು ಮುಗಿಸುತ್ತಾರೆ ಎಂದು ಎಡಗಡೆಯವರು. ಆ ಹಣ ಇಲ್ಲದಿದ್ದರೆ ಬಡವರ ಮನೆ ಹೆಂಗಸರು ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿರಲಿಲ್ಲ ಎಂದು ಬಲಗಡೆಯವರು. ನನ್ನ ತಲೆಯ ಮೇಲೇ ವಾದ ಹೋಗಿ ಬಂದು ಮಾಡುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂರುವ ಪೈಕಿ ಅಲ್ಲ, ನನ್ನ ಜೊತೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಅವತ್ತು ಮಾತ್ರ ಬಾಯಿ ಬರಲಿಲ್ಲ. ಬಡಿಸಿದ ಹೋಳಿಗೆ ಎಲೆಯಲ್ಲೇ ಉಳಿಯಿತು. ಮಾದೇವಿ ಬಂದು ಎದುರಿಗೆ ನಿಂತಂತಾಗಿ ಎದ್ದು ಕೈ ತೊಳೆದುಕೊಂಡೆ.

ಮೊದಲು ಆ ಹಣದ ವಿಷಯ ಹೇಳಿಬಿಡುತ್ತೇನೆ. ಬಡ ಕುಟುಂಬದ ಬಸುರಿಯರಿಗೆ ನಗದು ಕೊಡುವ ಕೇಂದ್ರದ ಯೋಜನೆ 1995ರಲ್ಲಿ ಶುರುವಾಯಿತು. ಮೊದಲು ಗೊತ್ತು ಮಾಡಿದ್ದು ಮುನ್ನೂರು ರೂಪಾಯಿ. ಹೆಂಗಸಿಗೆ ಹತ್ತೊಂಬತ್ತು ತುಂಬಿರಬೇಕು, ಮೊದಲ ಎರಡು ಹೆರಿಗೆಗೆ ಮಾತ್ರ. ಹಣವನ್ನು ಹೆರಿಗೆಗೆ ಮುಂಚೆಯೇ ಒಂದೇ ಕಂತಿನಲ್ಲಿ ಕೊಡಬೇಕು, ಒಳ್ಳೆಯದು ತಿಂದು ಆಸ್ಪತ್ರೆಗೆ ಹೋಗಿಬರಲಿ ಎಂಬುದು ಉದ್ದೇಶ. ಮುನ್ನೂರು ಎಂದರೆ ಇವತ್ತು ನಗು ಬರಬಹುದು. ಆಗ ನಮ್ಮ ಕಡೆ ಕೂಲಿ ಹೆಂಗಸು ಅಷ್ಟು ದುಡಿಯಬೇಕಾದರೆ ಅರ್ಧ ತಿಂಗಳು ಬೆನ್ನು ಬಗ್ಗಿಸಬೇಕಾಗಿತ್ತು. ಈಕೆ ಬಸುರಿ ಹೌದು, ಇಂಥ ತಿಂಗಳು ಹೆರಿಗೆ ಎಂದು ಬರೆದುಕೊಡುವ ಕೆಲಸ ನಮ್ಮದು.

ನಿಯಮವೇನೋ ಹೆರಿಗೆಗೆ ಮುಂಚೆ ಎಂದು ಹೇಳುತ್ತಿತ್ತು. ನಡೆಯುತ್ತಿದ್ದದ್ದು ಬೇರೆ. ನಾನು ಬಸುರಿ ಎಂದು ಬರೆದುಕೊಟ್ಟವಳಿಗೆ ಹಣ ಕೈಸೇರುವ ಹೊತ್ತಿಗೆ ಕೂಸು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಕಾಗದ ಮೇಜಿನಿಂದ ಮೇಜಿಗೆ ನಡೆಯಲು ಬಸುರಿಗಿಂತ ಹೆಚ್ಚು ಆಯಾಸಪಡುತ್ತಿತ್ತು. ಇದರ ಜೊತೆಗೆ ನಮ್ಮ ಸೀಮೆಯ ಪದ್ಧತಿಯೊಂದು ಸೇರಿಕೊಂಡಿತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಅರ್ಜಿ ಹಾಕುವುದು ಗಂಡನ ಊರಿನ ಪಂಚಾಯ್ತಿಯಲ್ಲಿ, ಏಳನೇ ತಿಂಗಳಿಗೆ ಹುಡುಗಿ ಹೊರಟುಬರುವುದು ಅಮ್ಮನ ಮನೆಗೆ. ಕಾಗದ ಒಂದು ಊರಲ್ಲಿ, ಹೊಟ್ಟೆ ಇನ್ನೊಂದು ಊರಲ್ಲಿ. ದೆಹಲಿಯಲ್ಲಿ ಕುಳಿತು ಯೋಜನೆ ಬರೆದ ಪುಣ್ಯಾತ್ಮರಿಗೆ ಇದು ಹೊಳೆದಿರಲಿಲ್ಲ ಎಂದು ಕಾಣುತ್ತದೆ.

ಮಾದೇವಿ ಹಾಗೆ ಉಡಿಗಾಲಕ್ಕೆ ಬಂದವಳು. ವಯಸ್ಸು ಇಪ್ಪತ್ತು, ಚೊಚ್ಚಲ ಬಸುರಿ. ಗುಂಡ್ಲುಪೇಟೆ ಮಗ್ಗುಲಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ನಾಗೇಶ ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಹಮಾಲಿ. ಕೇರಳಕ್ಕೆ ಹೋಗುವ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುವ ಕೆಲಸ. ಒಳ್ಳೆಯ ಹುಡುಗ. ಮಾದೇವಿಯೋ, ಬಾಯಿ ಬಿಟ್ಟರೆ ನಗು. ಬಸುರಿಯರ ಮೂತ್ರದಲ್ಲಿ ಆಲ್ಬುಮಿನ್ ಎಂಬ ಅಂಶ ಹೋಗುತ್ತಿದೆಯೇ ಎಂದು ನೋಡಲು ನಾವು ಅದನ್ನು ಗಾಜಿನ ಕೊಳವೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದೆವು. ಮೊದಲ ಸಲ ಅದನ್ನು ಕಂಡವಳೇ, "ನರ್ಸಮ್ಮ, ಟೀ ಕಾಯಿಸ್ತಾ ಇದ್ದೀರಾ? ನಂಗ್ ಬ್ಯಾಡ ಕಣವ್ವ, ನೀವೇ ಕುಡೀರಿ" ಎಂದಳು. ಜಗುಲಿಯ ಮೇಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಗದರಿದೆ, ಆದರೆ ನನಗೂ ನಗು ತಡೆಯಲಾಗಲಿಲ್ಲ.

ಅವಳ ತಾಯಿ ಚಿಕ್ಕತಾಯಮ್ಮ ವಿಧವೆ. ಊರಿನ ರೇಷ್ಮೆ ಬೆಳೆಗಾರರೊಬ್ಬರ ತೋಟದಲ್ಲಿ ಹುಳುವಿಗೆ ಸೊಪ್ಪು ಕೊಯ್ಯುವ ಕೂಲಿ. ಇದ್ದೊಬ್ಬಳೇ ಮಗಳು. ಅವಳ ಬಾಣಂತನಕ್ಕೆಂದು ಚಿಕ್ಕತಾಯಮ್ಮ ಮದುವೆಯ ಮರುದಿನದಿಂದಲೇ ಕೂಡಿಡಲು ಶುರು ಮಾಡಿದ್ದಳೋ ಏನೋ. ಕೊಬ್ಬರಿ, ಬೆಲ್ಲ, ಮೆಣಸು, ಬೆಳ್ಳುಳ್ಳಿ, ಸ್ನಾನಕ್ಕೆ ಹರಳೆಣ್ಣೆ, ಕೂಸಿಗೆ ಹಾಸಲು ಹಳೇ ಸೀರೆಯ ಮೆತ್ತನೆ ಬಟ್ಟೆ. ಹೋದಾಗಲೆಲ್ಲ ಒಂದೊಂದು ಡಬ್ಬಿಯನ್ನೂ ತೆರೆದು ತೋರಿಸುತ್ತಿದ್ದಳು. ಗಂಡು ದಿಕ್ಕಿಲ್ಲದ ಮನೆಯಿಂದ ಹೆಣ್ಣು ತಂದೆವು ಎಂದು ಬೀಗರ ಬಾಯಲ್ಲಿ ಬರಬಾರದು. ಅವಳಿಗೆ ಇದ್ದ ಹಟ ಅದೊಂದೇ.

ಈ ಹುಡುಗಿಗಾದರೂ ಹಣ ಹೊತ್ತಿಗೆ ಸರಿಯಾಗಿ ಸಿಗಲಿ ಎಂದು ನಾನು ಪಟ್ಟು ಹಿಡಿದೆ. ಬರೆದುಕೊಡಬೇಕಾದ್ದನ್ನು ಬರೆದು ನಾಗೇಶನ ಕೈಗೆ ಕೊಟ್ಟು, "ನೀನು ಹೋಗಿ ನಿಂತುಕೊಂಡು ಕೇಳದಿದ್ದರೆ ಯಾರೂ ಕೊಡಲ್ಲ ಕಣಪ್ಪ, ನಾಚಿಕೊಂಡು ಮೂಲೆಯಲ್ಲಿ ನಿಲ್ಲಬೇಡ" ಎಂದು ಹೇಳಿ ಕಳಿಸಿದೆ. ಪಾಪ, ಎಷ್ಟೋ ದಿನದ ಕೂಲಿ ಬಿಟ್ಟು ಓಡಾಡಿದ. ಹೆರಿಗೆಗೆ ಇನ್ನೂ ಎರಡು ತಿಂಗಳಿರುವಾಗಲೇ ಹಣ ಬಂತು. ನನ್ನ ಲೆಕ್ಕದಲ್ಲಿ ಹಾಗೆ ಮುಂಚಿತವಾಗಿ ಬಂದದ್ದು ಅದೇ ಮೊದಲು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವನು ಅದನ್ನು ಹಿಡಿದುಕೊಂಡು ಉಡಿಗಾಲಕ್ಕೆ ಬಂದ ದಿನ ನಾನು ಅದೇ ಮನೆಯ ಜಗುಲಿಯ ಮೇಲೆ ಕುಳಿತು ಮಾದೇವಿಯ ಬಿ.ಪಿ. ನೋಡುತ್ತಿದ್ದೆ. ಅವತ್ತು ಸರಿಯಾಗಿಯೇ ಇತ್ತು. ನಾಗೇಶ ದ್ರಾಕ್ಷಿಯ ಪೊಟ್ಟಣ ಹೆಂಡತಿಯ ಪಕ್ಕದಲ್ಲಿಟ್ಟು, ಜೇಬಿನಿಂದ ನೋಟು ತೆಗೆದು ಅತ್ತೆಯ ಕಡೆ ಚಾಚಿದ.

"ಅತ್ತೆ, ಗೌರ್ಮೆಂಟ್ ದುಡ್ಡು ಬಂದದೆ. ಹೆರಿಗೆ ಖರ್ಚಿಗೆ ಮಡಿಕಳಿ."

ಚಿಕ್ಕತಾಯಮ್ಮ ಕೈ ಮುಂದೆ ಮಾಡಲಿಲ್ಲ. "ಮೊದಲ್ನೇ ಬಾಣಂತನ ತವರಿನ ಪಾಲು ಕಣಪ್ಪ. ನನ್ ಮಗಳ ಬಾಣಂತನಕ್ಕೆ ಬೀಗರ ದುಡ್ಡು ಮುಟ್ನಾ? ನನ್ ಕೈಲಿ ಆಗಲ್ಲ ಅಂದ್ಕಬುಟ್ರಾ?"

"ಅಯ್ಯೋ, ಅಂಗಲ್ಲ ಅತ್ತೆ…"

ನಾನು ಮಧ್ಯೆ ಬಾಯಿ ಹಾಕಿದೆ. "ಚಿಕ್ಕತಾಯಮ್ಮ, ಇದು ಬೀಗರದ್ದೂ ಅಲ್ಲ, ನಿನ್ನದೂ ಅಲ್ಲ. ಸರ್ಕಾರ ಬಸುರಿಗೆ ಕೊಟ್ಟಿರೋದು. ಕೊಡಪ್ಪ, ಮಾದೇವಿ ಕೈಗೆ ಕೊಡು."

ಅವನು ಕೊಟ್ಟ. ಮಾದೇವಿ ಎರಡು ಕೈಯಲ್ಲೂ ಹಿಡಿದುಕೊಂಡು ಒಮ್ಮೆ ಗಂಡನನ್ನು, ಒಮ್ಮೆ ನನ್ನನ್ನು ನೋಡಿ ಕೆಂಪಾದಳು. ನಾನು ಕೊಳವೆ, ದೀಪ ಚೀಲಕ್ಕೆ ತುಂಬಿಕೊಳ್ಳುವಷ್ಟರಲ್ಲಿ ಹಣ ಅಮ್ಮನ ಕೈಗೆ ಹೋಗಿ, ಬಟ್ಟೆಯ ಚೂರಿನಲ್ಲಿ ಗಂಟಾಗಿ, ಒಳಗಿನ ಟ್ರಂಕಿಗೆ ಇಳಿದಿತ್ತು.

"ಇವ್ಳು ಮಗೀನ್ ಎತ್ಕಂಡು ಗಂಡನ್ ಮನೆಗೆ ಓಗೋವಾಗ ಮಡಿಲಕ್ಕಿ ಜೊತೇಲಿ ಅಂಗೇ ಕಟ್ಟಿ ಕಳಿಸ್ತೀನಿ. ಒಂದ್ ರೂಪಾಯೂ ಕಮ್ಮಿ ಇರಲ್ಲ ನೋಡ್ಕಳಿ" ಎಂದಳು ಚಿಕ್ಕತಾಯಮ್ಮ. ಬಾಣಂತನ ಮುಗಿಸಿ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕಾಯಿ, ಎಲೆ ಅಡಿಕೆ ತುಂಬಿ ಕಳಿಸುವ ಶಾಸ್ತ್ರ ಅದು. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಮೆಚ್ಚುಗೆಯೇ ಬಂತು. ಗಂಡಸರಿರುವ ಎಷ್ಟೋ ಮನೆಗಳಲ್ಲಿ ಸರ್ಕಾರದ ಹಣ ಬಂದ ದಿನವೇ ಹೆಂಡದಂಗಡಿಗೆ ಹೋಗುವುದನ್ನು ಕಂಡವಳು ನಾನು. ಇಲ್ಲಿ ಭದ್ರವಾಗಿ ಟ್ರಂಕಿನಲ್ಲಿದೆಯಲ್ಲ, ಸಾಕು ಅನ್ನಿಸಿತು.

ಎಂಟು ತಿಂಗಳು ತುಂಬಿದ ಮೇಲೆ ಒಂದು ಸೋಮವಾರ ಹೋದಾಗ ಮಾದೇವಿಯ ಮುಖ ಬೇರೆಯಾಗಿತ್ತು. ಕಣ್ಣಿನ ಕೆಳಗೆ ಊತ, ಬಳೆ ಮುಂಗೈಗೆ ಕಚ್ಚಿಕೊಂಡಿತ್ತು. ಬಿ.ಪಿ. ನೂರೈವತ್ತು, ಕೆಳಗೆ ನೂರು. ದೀಪ ಹಚ್ಚಿ ಕೊಳವೆ ಹಿಡಿದೆ. ಕಾಯುತ್ತಲೇ ಮೇಲೆಲ್ಲ ಬೆಳ್ಳಗೆ ಗರಣೆ ಕಟ್ಟಿತು.

"ಟೀ ಒಡೆದೋಯ್ತಾ ನರ್ಸಮ್ಮ?" ಎಂದಳು ಮಾದೇವಿ.

ನಾನು ನಗಲಿಲ್ಲ. ಗರ್ಭನಂಜು ಎಂದು ನಾವು ಕರೆಯುತ್ತಿದ್ದ ತೊಂದರೆ ಅದು. ಬಸುರಿಯ ರಕ್ತದೊತ್ತಡ ಏರಿ, ಮೈಯಲ್ಲಿ ನೀರು ತುಂಬಿ, ಸುಮ್ಮನೆ ಬಿಟ್ಟರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರನ್ನೂ ಕೊಂಡೊಯ್ಯುತ್ತದೆ. ಹಳ್ಳಿಯಲ್ಲಿ ಅದಕ್ಕೆ ಮದ್ದಿಲ್ಲ. ಆಸ್ಪತ್ರೆಗೆ ಚೀಟಿ ಬರೆದು ಚಿಕ್ಕತಾಯಮ್ಮನನ್ನು ಎದುರಿಗೆ ಕೂರಿಸಿಕೊಂಡೆ. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಚಾಮರಾಜನಗರದ ಆಸ್ಪತ್ರೆಗೆ ಹೋಗಬೇಕು, ಸೇರಿಸಿಕೊಳ್ಳುತ್ತಾರೆ, ಹೆರಿಗೆ ಆಗುವವರೆಗೂ ಅಲ್ಲೇ ಇರಬೇಕು ಎಂದೆ. ತಲೆನೋವು ಬಂದರೆ, ಕಣ್ಣು ಮಂಜಾದರೆ ಬಸ್ಸಿಗೂ ಕಾಯಬೇಡ, ಸಿಕ್ಕ ಗಾಡಿ ಹತ್ತು ಎಂದೆ. ಅವಳ ಬಾಯಲ್ಲೇ ಎಲ್ಲವನ್ನೂ ತಿರುಗಿ ಹೇಳಿಸಿದೆ. ಒಂದೂ ತಪ್ಪದೆ ಹೇಳಿದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆಗೆ ಕಾಸಿಲ್ಲದಿರಬಹುದು. ಆದರೆ ಜೊತೆಗಿರುವವರ ಊಟ, ಬನ್ನು, ಹೋಗುವ ಬರುವ ಖರ್ಚು ಇದ್ದೇ ಇರುತ್ತದೆ. ಕೈಯಲ್ಲಿ ನಾಲ್ಕು ಕಾಸಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ನಮ್ಮ ಕಡೆಯ ಹೆಂಗಸಿಗೆ ಧೈರ್ಯ ಬರುವುದಿಲ್ಲ. ಅದಕ್ಕೇ ಎದ್ದು ಹೊರಡುವ ಮುಂಚೆ ಕೇಳಿದೆ.

"ದುಡ್ಡಿದೆಯಾ ಚಿಕ್ಕತಾಯಮ್ಮ?"

"ಅದೆ ಕಣವ್ವ. ಯಾಕಿಲ್ಲ?" ಎಂದಳು.

ಬುಧವಾರ ಮಧ್ಯಾಹ್ನ ನಾನು ಪಕ್ಕದ ಊರಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಉಡಿಗಾಲದ ಗಂಡಸೊಬ್ಬ ಲೂನಾದಲ್ಲಿ ಬಂದು ಇಳಿದ. "ನರ್ಸಮ್ಮ, ಬಿರ್ರನೆ ಬನ್ನಿ. ಚಿಕ್ಕತಾಯಮ್ಮನ ಮಗಳು ಎಂಗೆಂಗೋ ಆಡ್ತಾವ್ಳೆ."

"ಅವರು ಆಸ್ಪತ್ರೆಯಲ್ಲಿ ಇರಬೇಕಲ್ಲಯ್ಯ?"

"ಎಲ್ ಓಗವ್ರೆ? ಮನೇಲೇ ಅವ್ರೆ."

ಲೂನಾದ ಹಿಂದೆ ಕುಳಿತು ಹೋದೆ. ಮನೆ ತುಂಬ ಜನ. ಯಾರೋ ಬೇವಿನ ಸೊಪ್ಪು ನಿವಾಳಿಸುತ್ತಿದ್ದರು, ಗಾಳಿ ಸೋಕಿದೆ ಎಂದು ಇನ್ಯಾರೋ. ಮಾದೇವಿ ಚಾಪೆಯ ಮೇಲೆ ಸೆಟೆದುಕೊಂಡು ಕೈಕಾಲು ಜಾಡಿಸುತ್ತಿದ್ದಳು, ಕಚ್ಚಿಕೊಂಡ ನಾಲಗೆಯಿಂದ ರಕ್ತ ಬಂದಿತ್ತು. ಎಲ್ಲರನ್ನೂ ಬೈದು ಹೊರಗಟ್ಟಿದೆ, ಏನು ಬೈದೆನೋ ನೆನಪಿಲ್ಲ. ಎಡ ಮಗ್ಗುಲಿಗೆ ಹೊರಳಿಸಿ ಹಲ್ಲಿನ ಮಧ್ಯೆ ಬಟ್ಟೆ ಸುತ್ತಿದ ಚಮಚ ಇಟ್ಟೆ. ಫಿಟ್ಸ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

ಆ ಹೊತ್ತಿಗೆ ರೇಷ್ಮೆ ಬೆಳೆಗಾರರ ಮೆಟಡೋರ್ ಗೂಡು ಮಾರಿಕೊಂಡು ಚಾಮರಾಜನಗರದಿಂದ ವಾಪಸ್ ಬಂದಿತ್ತು. ವಿಷಯ ಕಿವಿಗೆ ಬಿದ್ದದ್ದೇ ತಡ, ಯಜಮಾನರು ಗಾಡಿಯನ್ನು ತಾವೇ ಮನೆಯ ಮುಂದೆ ತಂದು ನಿಲ್ಲಿಸಿದರು. ಒಳಗೆ ಚಾಪೆ ಹಾಸಿ ಮಾದೇವಿಯನ್ನು ಮಲಗಿಸಿದೆವು. ಗಾಡಿ ಹೊರಡುವಾಗ ಯಜಮಾನರು ಚಿಕ್ಕತಾಯಮ್ಮನ ಕೈಗೆ ನೋಟು ತುರುಕಿ, "ಅಲ್ಲಮ್ಮ, ಒಂದ್ ಮಾತು ಹೇಳಿದ್ರೆ ಮೊನ್ನೇನೇ ಕೊಡ್ತಿರಲಿಲ್ವಾ?" ಎಂದರು. ಬಾಡಿಗೆಯನ್ನು ಯಾರೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾಡಬೇಕಾದ್ದನ್ನೆಲ್ಲ ಮಾಡಿದರು. ಒಳಗಿರುವ ಮಗುವನ್ನು ಹೊರತೆಗೆಯದೆ ಈ ಫಿಟ್ಸ್ ಹತೋಟಿಗೆ ಬರುವುದಿಲ್ಲ. ಆಪರೇಷನ್ ಮಾಡಿ ತೆಗೆದರು. ಗಂಡು ಮಗು, ಸಣ್ಣದು, ಆದರೆ ಅತ್ತಿತು. ಆ ಅಳು ವರಾಂಡದವರೆಗೂ ಕೇಳಿಸಿತು. ಮಾದೇವಿ ಮಾತ್ರ ಕಣ್ಣು ಬಿಡಲೇ ಇಲ್ಲ. ಮರುದಿನ ಮಧ್ಯಾಹ್ನ ಹೋದಳು. ನಾಗೇಶ ಗುಂಡ್ಲುಪೇಟೆಯಿಂದ ಸಿಕ್ಕ ಲಾರಿ ಹತ್ತಿಕೊಂಡು ಬಂದವನು ಹೆಂಡತಿಯ ಕಾಲ ಹತ್ತಿರ ನಿಂತೇ ಇದ್ದ, ಕೂತುಕೋ ಎಂದರೂ ಕೂರಲಿಲ್ಲ.

ವರಾಂಡದಲ್ಲಿ ಚಿಕ್ಕತಾಯಮ್ಮ ಗೋಡೆಗೊರಗಿ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಅಳುತ್ತಾಳೆ, ಸಮಾಧಾನ ಹೇಳಬೇಕು ಎಂದುಕೊಂಡಿದ್ದೆ. ಅವಳು ಅಳಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಎದುರಿನ ಗೋಡೆಗೆ ಹೇಳಿದಂತೆ ಹೇಳಿದಳು.

"ಡಬ್ಬಿಗೋಳ್ನ ತುಂಬೋದ್ರಲ್ಲೇ ನನ್ ಕಾಸೆಲ್ಲ ಮುಗ್ದೋಗಿತ್ತು ಕಣವ್ವ. ಬುಧವಾರ ಯಜಮಾನ್ರು ಗೂಡು ಮಾರ್ಕಂಡ್ ಬತ್ತಾರೆ, ಕೂಲಿ ಕೊಡ್ತಾರೆ, ಇಸ್ಕಂಡು ಓಗನ ಅಂತ ಇದ್ದೆ. ಮಂಗಳವಾರ ತಲೆ ಸಿಡೀತದೆ ಅಂದ್ಲು. ಅವ್ವ, ಟ್ರಂಕಲ್ಲಿರೋ ದುಡ್ನೇ ತಗಂಡು ಓಗನ ಬಾ ಅಂದ್ಲು. ನಾನ್ ಬೈದೆ. ಗಂಡನ್ ಮನೆ ದುಡ್ಡಲ್ಲಿ ಹೆತ್ಕಂಡ್ಲು ಅಂತ ನಾಳೆ ನಿಮ್ಮತ್ತೆ ಆಡ್ಕಳಲ್ವೇನಮ್ಮಿ ಅಂದೆ. ಸುಮ್ಕಾದ್ಲು. ಆಮೇಲೆ ಕೇಳ್ಲೇ ಇಲ್ಲ."

ದುಡ್ಡಿದೆಯಾ ಎಂದು ನಾನು ಕೇಳಿದ್ದೆ, ಇದೆ ಎಂದು ಅವಳು ಹೇಳಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಬುಧವಾರ ಬರುವ ಕೂಲಿ. ನನ್ನ ಮನಸ್ಸಿನಲ್ಲಿದ್ದದ್ದು ಟ್ರಂಕಿನ ಗಂಟು. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಅವಳ ಮೇಲೆ ನನಗೆ ಕೋಪ ಬಂತು. ಬಹಳ ದಿನ ಇತ್ತು, ಮುಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಎಂಥ ಮೂಢ ಹೆಂಗಸು, ಕೈಯಳತೆಯಲ್ಲಿ ಹಣ ಇಟ್ಟುಕೊಂಡು ಮಗಳನ್ನು ಕಳೆದುಕೊಂಡಳಲ್ಲ ಎಂದು ಒಳಗೊಳಗೇ ಬೈಯುತ್ತಿದ್ದೆ. ಆಮೇಲೆ ಯೋಚಿಸಿದೆ. ನನ್ನ ಅಕ್ಕನ ಮೊದಲ ಬಾಣಂತನಕ್ಕೆ ಭಾವನ ಮನೆಯವರು ಹಣ ಕಳಿಸಿದ್ದರೆ ನಮ್ಮಮ್ಮ ಮುಟ್ಟುತ್ತಿದ್ದಳೇ? ಖಂಡಿತ ಇಲ್ಲ. ಎಸ್ಸೆಸ್ಸೆಲ್ಸಿ ಓದಿದ ನಾನೇ ಆ ಜಾಗದಲ್ಲಿದ್ದರೂ ಒಂದು ಸಲ ಹಿಂದೆ ಮುಂದೆ ನೋಡುತ್ತಿದ್ದೆ. ನಾನು ತಪ್ಪು ಮಾಡಿದೆ ಎಂದು ಒಪ್ಪಿಕೊಂಡು ಹಗುರಾಗೋಣವೆಂದರೆ ಆ ಅನುಕೂಲವೂ ನನಗಿಲ್ಲ. ಬಿ.ಪಿ. ನೋಡಿದ್ದೆ, ಚೀಟಿ ಬರೆದಿದ್ದೆ, ಹೇಳಬೇಕಾದ್ದನ್ನು ಹೇಳಿದ್ದೆ. ಮುಂದಿನ ಮೀಟಿಂಗಿನಲ್ಲಿ ಯಾರಿಗೆಲ್ಲ ಹೆರಿಗೆಗೆ ಮುಂಚೆ ಹಣ ಸಂದಿದೆ ಎಂದು ಕೇಳಿದಾಗ ನನ್ನ ಕಡೆಯಿಂದ ಇದ್ದದ್ದು ಒಂದೇ ಹೆಸರು. ಕಾಗದದಲ್ಲಿ ಮಾದೇವಿಯದ್ದು ಗೆದ್ದ ಕೇಸು. ಆ ಹೆಸರು ಹೇಳಿ, ನೀರು ಕುಡಿಯುವ ನೆಪ ಮಾಡಿ ಹೊರಗೆ ಎದ್ದು ಹೋದೆ.

ಕೂಸಿಗೆ ತಿಂಗಳು ತುಂಬಿದ ಮೇಲೆ ನಾಗೇಶನೂ ಅವನ ತಾಯಿಯೂ ಅದನ್ನು ಕರೆದೊಯ್ಯಲು ಉಡಿಗಾಲಕ್ಕೆ ಬಂದರು. ಮಗುವಿನ ತೂಕ ನೋಡಲು ನಾನೂ ಅಲ್ಲಿದ್ದೆ. ಚಿಕ್ಕತಾಯಮ್ಮ ಮೊರದಲ್ಲಿ ಅಕ್ಕಿ, ಕಾಯಿ, ಎಲೆ ಅಡಿಕೆ ತಂದಳು. ತುಂಬಲು ಮಗಳ ಸೆರಗಿಲ್ಲ. ಒಂದು ಗಳಿಗೆ ಹಾಗೇ ನಿಂತಿದ್ದು, ಮೊರವನ್ನು ಬೀಗಿತ್ತಿಯ ಮುಂದೆ ನೆಲದ ಮೇಲಿಟ್ಟಳು. ಆಮೇಲೆ ಒಳಗೆ ಹೋಗಿ ಟ್ರಂಕಿನಿಂದ ಆ ಗಂಟು ತಂದು ಅಕ್ಕಿಯ ಮೇಲಿಟ್ಟಳು.

"ಅಂಗೇ ಅದೆ. ನೋಡ್ಕಳಿ."

ನಾಗೇಶ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ಅದು ನಂದಲ್ಲ ಅತ್ತೆ."

"ನಂದೂ ಅಲ್ಲ ಕಣಪ್ಪ" ಎಂದಳು ಅವಳು.

ಯಾರೂ ಅದನ್ನು ಮುಟ್ಟಲಿಲ್ಲ. ಹಣ ಯಾಕೆ ಟ್ರಂಕಿನಲ್ಲೇ ಉಳಿಯಿತೆಂಬುದು ನಾಗೇಶನ ತಾಯಿಯ ಕಿವಿಗೂ ಬಿದ್ದಿತ್ತು. ಕೊನೆಗೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನಾ ಯಾತಕ್ ಆಡ್ಕತಿದ್ದೆ ಬೀಗಿತ್ತಿ? ನಂಗೂ ಎಣ್ ಮಗಳವ್ಳೆ" ಎಂದು ಅಳಲು ಶುರು ಮಾಡಿದಳು. ಅಳುತ್ತಲೇ ಗಂಟು ಎತ್ತಿಕೊಂಡು, ಮಗೀನ ಹಾಲಿಗಾಯ್ತು ಎಂದಳು. ಬಸ್ ನಿಲ್ಲುವ ಕಡೆಗೆ ಅವರು ನಡೆದು ಹೋಗುವವರೆಗೂ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ದಾರಿಯಲ್ಲಿ ಎದುರಾದರೆ ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ನನ್ನ ಕಡೆಗೆ ವಾಲಿಸಿ ಮುಖ ಮರೆಸಿಕೊಂಡು ಹೋಗುತ್ತಿದ್ದಳು. ನಾನೂ ಮಾತಾಡಿಸುವ ಧೈರ್ಯ ಮಾಡಲಿಲ್ಲ.

1998ರ ಹೊತ್ತಿಗೆ ಆ ಹಣ ಐನೂರು ರೂಪಾಯಿ ಆಯಿತು. ಅದೇ ಕಾಲಕ್ಕೆ ಅದೇ ಬೀದಿಯ ಶೋಭಾ ಎಂಬ ಹುಡುಗಿ ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ದಿನ ನೋಡುತ್ತೇನೆ, ಕೈ ಬೆರಳೆಲ್ಲ ಊದಿಕೊಂಡಿವೆ, ಬಿ.ಪಿ. ಏರಿದೆ. ಇವತ್ತೇ ಆಸ್ಪತ್ರೆಗೆ ಹೊರಡಿ ಎಂದೆ. ಅವಳ ತಾಯಿ ರಾಜಮ್ಮ ತಲೆ ಕೆರೆದುಕೊಂಡಳು.

"ನಾಡಿದ್ದು ಇವಳಪ್ಪ ಬತ್ತಾರೆ. ದುಡ್ ತತ್ತಾರೆ. ಆಗ ಓಯ್ತೀವಿ ಬುಡಿ."

"ಐನೂರು ಬಂದಿದೆಯಲ್ಲ, ಎಲ್ಲಿ ಅದು?"

"ಅಯ್ಯೋ, ಅದು ಬೀಗರ್ದು ಕಣವ್ವ. ನಾವ್ ಮುಟ್ಟಕ್ಕಾದದಾ?"

ಬೈಯಬೇಕು, ಕೂಗಬೇಕು, ಆ ಹೆಂಗಸನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಅಷ್ಟರಲ್ಲಿ ಬಾಗಿಲಿನ ಬೆಳಕಿಗೆ ಏನೋ ಅಡ್ಡ ಬಂತು. ತಿರುಗಿ ನೋಡಿದರೆ ಚಿಕ್ಕತಾಯಮ್ಮ. ತಲೆಯ ಮೇಲೆ ಸೊಪ್ಪಿನ ಹೊರೆ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಹೊರೆಯನ್ನು ನಿಧಾನವಾಗಿ ಕೆಳಗಿಳಿಸಿ, ಹೊಸಿಲಿನಾಚೆಯೇ ನಿಂತು, ನನ್ನನ್ನು ಬಿಟ್ಟು ರಾಜಮ್ಮನನ್ನು ನೋಡಿದಳು.

"ನಾನೂ ಇಂಗೇ ಮಾನ ಉಳಿಸ್ಕಂಡೆ ಕಣಕ್ಕ" ಎಂದಳು.

ಅಷ್ಟೇ. ದನಿ ಏರಿಸಲಿಲ್ಲ. ರಾಜಮ್ಮ ಒಳಗೆ ಹೋಗಿ ಹಣ ತಂದು ಮಗಳ ಕೈಯಲ್ಲಿಟ್ಟು, ಏಳಮ್ಮಿ, ಸೀರೆ ಬದಲಾಯಿಸು ಎಂದಳು. ಮಧ್ಯಾಹ್ನದ ಬಸ್ಸಿಗೆ ನಾನೇ ಜೊತೆಗೆ ಹತ್ತಿದೆ. ಶೋಭಾ ಆಸ್ಪತ್ರೆಯಲ್ಲೇ ಹೆತ್ತಳು, ತಾಯಿ ಮಗು ಇಬ್ಬರೂ ಉಳಿದರು.

ಬಸ್ಸಿಗೆ ಹೊರಡುವ ಮುಂಚೆ ಚಿಕ್ಕತಾಯಮ್ಮನ ಹೊರೆ ಎತ್ತಲು ನಾನು ಕೈ ಕೊಟ್ಟೆ. ಎರಡು ವರ್ಷದ ಮೇಲೆ ಅವಳು ನನ್ನನ್ನು ನೇರವಾಗಿ ನೋಡಿದ್ದು ಆಗ.

"ಈ ಉಡ್ಗಿ ಉಳ್ಕತಾಳಾ ನರ್ಸಮ್ಮ?"

"ಉಳಿದುಕೊಳ್ಳುತ್ತಾಳೆ" ಎಂದೆ. ಅವಳು ತಲೆಯಾಡಿಸಿ ಹುಳುಮನೆಯ ಕಡೆ ನಡೆದಳು. ನಾನು ಅವಳ ಬೆನ್ನು ನೋಡುತ್ತ ನಿಂತುಬಿಟ್ಟೆ. ರಾಜಮ್ಮ ಬಂದು ಕರೆದಾಗಲೇ ಎಚ್ಚರವಾದದ್ದು.

ಬಸುರಿಯರಿಗೆ ಸರ್ಕಾರ ಹಣ ಕೊಡಬೇಕೋ ಬೇಡವೋ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಕೊಡಬೇಕು, ಎರಡು ಮಾತಿಲ್ಲ. ಶೋಭಾಳನ್ನು ಬಸ್ ಹತ್ತಿಸಿದ್ದು ಅದೇ ಹಣ. ಆದರೆ ಹಣ ಕೊಟ್ಟ ಮಾತ್ರಕ್ಕೆ ಅದು ತಲುಪಿತು ಎಂದು ನಾನು ಆಮೇಲೆ ಯಾವತ್ತೂ ನಂಬಲಿಲ್ಲ. ಅದು ಮನೆಯೊಳಗೆ ಕಾಲಿಟ್ಟ ಕೂಡಲೇ ಅತ್ತೆಯದ್ದೋ ಗಂಡನದ್ದೋ ತವರಿನದ್ದೋ ಆಗಿಬಿಡುತ್ತದೆ. ಕುಡುಕನ ಕೈಗೆ ಸಿಕ್ಕಿದರೆ ಮಾತ್ರ ಹಾಳು ಎಂದು ನಾನೂ ತಿಳಿದಿದ್ದೆ. ಮರ್ಯಾದಸ್ಥರ ಟ್ರಂಕಿನಲ್ಲಿ ಒಂದು ರೂಪಾಯಿಯೂ ಕಮ್ಮಿಯಾಗದೆ ಇದ್ದುಕೊಂಡೇ ಹಾಳಾಗಬಹುದು ಎಂದು ಕಲಿಸಿದವಳು ಮಾದೇವಿ. ಇಪ್ಪತ್ತು ವರ್ಷದ ಹುಡುಗಿಯಿಂದ ಅಷ್ಟು ದುಬಾರಿಯ ಪಾಠ ಕಲಿಯಬೇಕಾಗಿ ಬಂದದ್ದು ನನಗೆ ಈಗಲೂ ಸಹಿಸಲಾಗದ ಸಂಗತಿ.

ದುಡ್ಡಿದೆಯಾ ಎಂಬ ಪ್ರಶ್ನೆಯನ್ನು ಆಮೇಲೆ ನಾನು ಯಾವ ಮನೆಯಲ್ಲೂ ಕೇಳಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಗೂ ಕೇಳಬೇಡಿ ಎಂದು ಹೇಳಿಕೊಟ್ಟೆ. ಬಸುರಿಯನ್ನು ಎದುರಿಗೆ ಕೂರಿಸಿಕೊಂಡು, ಅಮ್ಮ, ಅತ್ತೆ ಎಲ್ಲರ ಮುಂದೆಯೇ ಒಂದು ಮಾತು ಕೇಳುತ್ತಿದ್ದೆ: "ಈ ದುಡ್ಡು ಮುಟ್ಟಬೇಕಾದರೆ ಯಾರನ್ನು ಕೇಳಬೇಕಮ್ಮ?" "ನನ್ನನ್ನೇ ಕೇಳಬೇಕು" ಎಂದು ಅವಳ ಬಾಯಲ್ಲಿ ಬರುವವರೆಗೂ ಹಣ ಬಂದಿಲ್ಲವೆಂದೇ ನನ್ನ ಲೆಕ್ಕ. ನಿವೃತ್ತಿಯ ದಿನದವರೆಗೂ ಕೇಳಿದೆ. ಹೆಚ್ಚಿನವರು ಉತ್ತರ ಹೇಳುವ ಮೊದಲು ಪಕ್ಕದಲ್ಲಿ ಕುಳಿತ ದೊಡ್ಡವರ ಮುಖ ನೋಡುತ್ತಿದ್ದರು. ನಾನು ಕಾಯುತ್ತಿದ್ದೆ.